ಬಾಲ್ಕನಿಯಲ್ಲಿ ಕೂತವರು

ಪಕ್ಷದ ಅಮಾವಾಸ್ಯೆಯ ಮಧ್ಯಾಹ್ನ ಅತ್ತೆ ಟ್ರಂಕಿನಿಂದ ನನ್ನ ಗಂಡನ ಫೋಟೋ ತೆಗೆದು, ಸೆರಗಿನಿಂದ ಒರೆಸಿ, ಮಾವನವರ ಫೋಟೋದ ಪಕ್ಕದಲ್ಲಿ ಇಟ್ಟರು. ನಾನು ಒಲೆಯ ಮುಂದಿನಿಂದ ಎದ್ದು ಬಂದು ಅದನ್ನು ಮತ್ತೆ ಟ್ರಂಕಿನೊಳಗೆ ಹಾಕಿದೆ. ಅವರು ಮತ್ತೆ ತೆಗೆದರು.

“ಅತ್ತಿ, ಇದ್ದ ಮನಷ್ಯಾಗ ಯಾರರ ಎಡಿ ಇಡ್ತಾರೇನು?”

“ಇದ್ದಿದ್ರ ಬಂದು ಉಣತಿದ್ನಲ್ಲವ್ವಾ. ನಾ ಯಾಕ ಇಡ್ತಿದ್ದೆ?”

“ರಾಮನಗರದಾಗ ನೋಡ್ಯಾರಂತ ನೀವ ಹೇಳಿದ್ರಿ.”

“ಮಂದಿ ನೋಡ್ಯಾರ. ನಾ ನೋಡಿಲ್ಲ, ನೀ ನೋಡಿಲ್ಲ.”

ಆ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅವರಿಗೆ ಯಾವುದು ಸೇರುತ್ತಿತ್ತೋ ಅದನ್ನು ಮಾಡಿ ಬಡಿಸಿ, ಪಕ್ಕದಲ್ಲಿ ಹೊಸ ಅರಿವೆ ಇಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿ, ಅಂದರೆ ಮುಚ್ಚಿಕೊಂಡು, ಕೂರುತ್ತೇವೆ. ಆ ಹೊತ್ತಿನಲ್ಲಿ ಅವರು ಬಂದು ಉಂಡು ಹೋಗುತ್ತಾರೆ. ಒಳಗೆ ಇಣುಕಬಾರದು. ಆಮೇಲೆ ಮನೆಮಂದಿ ಉಣ್ಣುವುದು. ಬದುಕಿರುವವರ ಹೆಸರಿನಲ್ಲಿ ಎಡೆ ಇಟ್ಟರೆ ಅವರ ಆಯುಷ್ಯವನ್ನು ನಾವೇ ಮುಗಿಸಿದ ಹಾಗೆ. ನನ್ನ ಹಣೆಯ ಮೇಲೆ ಕುಂಕುಮ ಇತ್ತು. ಇವರು ಸತ್ತಿದ್ದಾರೆ ಎಂದು ನಾನು ಒಪ್ಪಿರಲಿಲ್ಲ, ಒಪ್ಪುವವಳೂ ಅಲ್ಲ ಎಂದು ಓಣಿಗೆಲ್ಲ ಗೊತ್ತಿತ್ತು.

ಇವರ ಹೆಸರು ಪುಂಡಲೀಕ. ದಾಂಡೇಲಿಯಲ್ಲಿ ಕಾಳಿ ನದಿಯ ದಂಡೆಗೆ ಇರುವ ಒಂದು ಹೋಟೆಲ್ಲಿನ ಲೌಂಜಿನಲ್ಲಿ ಗಿರಾಕಿಗಳಿಗೆ ಕಾಕ್‌ಟೇಲ್ ಬೆರೆಸಿ ಕೊಡುವ ಕೆಲಸ. ಮಾವ ಬೈಲಹೊಂಗಲ ಕಡೆಯಿಂದ ಕಾಗದದ ಗಿರಣಿಗೆ ಬಂದವರು. ಮಗನೂ ಗಿರಣಿ ಸೇರಲಿ ಎಂದಿದ್ದರಂತೆ. ಇವರಿಗೆ ಗಿರಣಿಯ ಭೋಂಗಾದ ಕೂಗು ಕೇಳಿದರೆ ತಲೆನೋವು ಬರುತ್ತಿತ್ತು. ಹೋದ ವರ್ಷದ ಮಳೆಗಾಲ, ನದಿ ಏರಿದ್ದ ಒಂದು ಸಂಜೆ, ಹೋಟೆಲ್ಲಿನ ದೋಣಿಯ ಹಗ್ಗ ಬಿಚ್ಚಿಕೊಂಡಿತು ಎಂದು ಕಟ್ಟಲು ಕೆಳಗೆ ಇಳಿದರು. ದೋಣಿ ಸಿಕ್ಕಿತು. ಒಂದು ಚಪ್ಪಲಿ ಸಿಕ್ಕಿತು. ಇವರು ಸಿಗಲಿಲ್ಲ. ಬಲೆ ಹಾಕಿದರು, ಮುಳುಗು ಹಾಕಿ ಹುಡುಕುವವರನ್ನು ಇಳಿಸಿದರು. ಮೊಸಳೆ ಎಂದರು. ನಂತರ ಬೇರೆ ಮಾತು ಶುರುವಾಯಿತು. ಗೋವಾಕ್ಕೆ ಓಡಿಹೋಗಿದ್ದಾನೆ, ಅಲ್ಲಿ ದೊಡ್ಡ ಹೋಟೆಲ್ಲಿನಲ್ಲಿ ಇದ್ದಾನೆ, ಗೋವಾ ರಸ್ತೆಯ ರಾಮನಗರದಲ್ಲಿ ಲಾರಿ ಹತ್ತುವುದನ್ನು ನೋಡಿದೆವು, ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಬೆಂಚಿನ ಮೇಲೆ ಕೂತಿದ್ದ. ಒಂದೊಂದು ಮಾತಿಗೂ ನಾನು ಮಗಳು ಸ್ವಪ್ನಾಳ ಕೈ ಹಿಡಿದುಕೊಂಡು ಬಸ್ಸು ಹತ್ತಿದೆ. ಕ್ಯಾಸಲ್‌ರಾಕ್‌ನಲ್ಲಿ ನಿಜವಾಗಿಯೂ ಇವರದೇ ಬೆನ್ನು ಕಂಡಿತು. ಓಡಿಹೋಗಿ ಅಂಗಿ ಹಿಡಿದು ಎಳೆದರೆ ಯಾರೋ ರೈಲ್ವೆಯ ಗ್ಯಾಂಗ್‌ಮನ್. ಪಾಪ, ಬೈಯಲಿಲ್ಲ. ಮಗುವಿಗೆ ಬಿಸ್ಕೀಟು ಕೊಡಿಸಿದ. ಅವತ್ತಿನಿಂದ ಎಲ್ಲಿ ಹೋದರೂ ನನ್ನ ಕಣ್ಣು ಗಂಡಸರ ಬೆನ್ನಿನ ಮೇಲೇ ಇರುತ್ತಿತ್ತು.

ಹೋಟೆಲ್ಲಿನವರು ಇವರ ಜಾಗದಲ್ಲಿ ನನಗೆ ಬಡಿಸುವ ಕೆಲಸ ಕೊಟ್ಟರು. ಕಲಿಯುವುದಕ್ಕೆ ಬಹಳ ದಿನ ಹಿಡಿಯಲಿಲ್ಲ. ನಮ್ಮ ಮನೆಯಲ್ಲಿ ಮೀನು ಹೊಸ್ತಿಲು ದಾಟಿದ್ದಿಲ್ಲ. ಮೊದಲ ವಾರ ಮೂಗು ಹಿಡಿದುಕೊಂಡೇ ತಟ್ಟೆ ಒಯ್ದೆ. ಆಮೇಲೆ ವಾಸನೆ ಬರುವುದು ನಿಂತಿತು, ಅಥವಾ ನನಗೇ ಅಂಟಿಕೊಂಡಿತು.

ಆ ಮಧ್ಯಾಹ್ನ ಹೋಳಿಗೆಯ ಹೂರಣ ಅರ್ಧ ರುಬ್ಬಿ ಬಿಟ್ಟು ಯೂನಿಫಾರ್ಮ್ ಸೀರೆ ಉಟ್ಟುಕೊಂಡೆ.

“ಡ್ಯೂಟಿ ಐತಿ,” ಎಂದೆ.

“ರಜಾ ಕೊಟ್ಟಾರಂದ್ಯಲ್ಲ?”

“ಕೊಟ್ಟಿದ್ರು. ನಾ ವಾಪಸ್ ಕೊಟ್ಟೆ.”

ಅತ್ತೆ ರುಬ್ಬುವ ಕಲ್ಲಿನ ಮುಂದೆ ಕೂತು ನಾನು ಬಿಟ್ಟ ಹೂರಣವನ್ನು ರುಬ್ಬತೊಡಗಿದರು. ಸ್ವಪ್ನಾ ಅಜ್ಜಿಯ ಬೆನ್ನಿಗೆ ಒರಗಿ ನನ್ನನ್ನು ನೋಡುತ್ತಿದ್ದಳು. ಎಡೆ ಇಡುವ ಹೊತ್ತಿಗೆ ಆ ಮನೆಯಲ್ಲಿ ಇರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ನಿಜ ಹೇಳಬೇಕೆಂದರೆ, ರಜೆಯನ್ನು ನಾನು ಕೇಳಿರಲಿಲ್ಲ. ಮ್ಯಾನೇಜರ್ ಅಂದಾನೆಪ್ಪನವರು ತಾವಾಗಿಯೇ ಬೆಳಿಗ್ಗೆ ಫೋನ್ ಮಾಡಿ, “ವಿದ್ಯಾವತಿಯವರ, ಇವತ್ತ ನೀವು ಬರಬ್ಯಾಡ್ರಿ. ಹಬ್ಬ ಐತಿ, ಮನ್ಯಾಗ ಇರ್ರಿ. ಖರೇನ ಹೇಳ್ತೇನಿ, ಬರಬ್ಯಾಡ್ರಿ,” ಎಂದು ಮತ್ತೆ ಮತ್ತೆ ಹೇಳಿದ್ದರು. ಒಳ್ಳೆಯ ಮನಸ್ಸು ಅಂದುಕೊಂಡಿದ್ದೆ.

ಲೌಂಜಿಗೆ ಹೋಗಿ ಮುಟ್ಟುವಾಗ ಹೊತ್ತು ಇಳಿದಿತ್ತು. ಶನಿವಾರ ಅಲ್ಲಿ ಸೀ-ಫುಡ್ ಸಂಜೆ. ಕಾರವಾರದಿಂದ ಮಧ್ಯಾಹ್ನವೇ ಐಸಿನ ಡಬ್ಬಿಗಳಲ್ಲಿ ಮೀನು, ಸಿಗಡಿ, ಏಡಿ ಬರುತ್ತವೆ. ಊರಿನ ಹುಡುಗರೆಲ್ಲ ಹಬ್ಬಕ್ಕೆ ಹೋಗಿದ್ದರು. ಆದರೆ ಪ್ರವಾಸಿಗರಿಗೆ ಎಲ್ಲಿಯ ಅಮಾವಾಸ್ಯೆ! ಹುಬ್ಬಳ್ಳಿಯಿಂದ ಬಂದ ಗೆಳೆಯರ ಗುಂಪೊಂದು ನಡುವಿನ ಮೇಜಿನಲ್ಲಿ ಕೂತಿತ್ತು.

“ಮೇಡಮ್ರ, ಈ ಏಡಿ ನನ್ನ ನೋಡಿ ನಗಾಕತ್ತೈತಲ್ರಿ,” ಎಂದ ಒಬ್ಬ.

“ನಿನ್ನ ನೋಡಿ ಸತ್ತವರೂ ನಗ್ತಾರಲೇ,” ಎಂದ ಇನ್ನೊಬ್ಬ. “ಮೇಡಮ್ರ, ಇಂವಗ ಸುತ್ತಿಗಿ ಕೊಡಬ್ಯಾಡ್ರಿ, ಮೇಜ ಒಡೀತಾನ. ನನಗ ಆ ಕೆಂಪಂದು ಇನ್ನೊಂದು ತರ್ರಿ. ಏನದರ ಹೆಸರು?”

“ಕಾಳಿ ಸನ್‌ಸೆಟ್,” ಎಂದೆ.

ಅದು ಇವರದೇ ಪಾನೀಯ. ಜೋಯಿಡಾ ಕಡೆಯ ಕೋಕಂ ರಸಕ್ಕೆ ಜಿನ್ನು, ಸೀಳಿದ ಹಸಿಮೆಣಸಿನಕಾಯಿ, ಗ್ಲಾಸಿನ ಬಾಯಿಗೆ ಉಪ್ಪು. ಆ ಹೆಸರು ಇಟ್ಟವರು ಅಂದಾನೆಪ್ಪನವರು. ಇವರು ಅದನ್ನು ‘ಕೆಂಪ ನೀರು’ ಎನ್ನುತ್ತಿದ್ದರು. ಹೆಸರಿಗೇ ಅರ್ಧ ರೊಕ್ಕ ಹೋಗುತ್ತದೆ ಎಂದು ಮನೆಯಲ್ಲಿ ನಗುತ್ತಿದ್ದರು.

ಅಂದಾನೆಪ್ಪನವರು ಕೌಂಟರಿನ ಹಿಂದಿನಿಂದ ನನ್ನನ್ನು ಕಂಡರು. ಅವರ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು.

“ನೀವ್ಯಾಕ ಬಂದ್ರಿ?”

“ಮಂದಿ ಕಡಿಮಿ ಇರ್ತಾರಂತ ಬಂದೆ ಸರ್.”

“ಬ್ಯಾಡಾಗಿತ್ತು. ಹಿಂಗ ಮಾಡ್ರಿ... ನೀವು ಈ ಕಡೆ ಮೇಜು ನೋಡ್ಕೋರಿ. ಆ ಕಡೆ, ಬಾಲ್ಕನಿ ಕಡೆ ಹೋಗಬ್ಯಾಡ್ರಿ.”

“ಯಾಕ ಸರ್?”

“ಅಲ್ಲಿ... ಬುಕಿಂಗ್ ಐತಿ.”

ಲೌಂಜಿನ ಹಿಂದೆ ನದಿಯ ಕಡೆಗೆ ಒಂದು ಸಣ್ಣ ಬಾಲ್ಕನಿ. ಗಾಜಿನ ಬಾಗಿಲು, ಒಂದೇ ಮೇಜು. ಸೊಳ್ಳೆ ಹೆಚ್ಚೆಂದು ಗಿರಾಕಿಗಳು ಅಲ್ಲಿ ಕೂರುವುದಿಲ್ಲ. ಅದು ಇವರ ಜಾಗ. ಗಿರಾಕಿಗಳು ಬರುವ ಮೊದಲು ಇವರು ಅಲ್ಲಿ ಕುರ್ಚಿಯನ್ನು ನದಿಯ ಕಡೆ ತಿರುಗಿಸಿಕೊಂಡು, ಒಂದು ಗ್ಲಾಸು ಕೆಂಪ ನೀರಿನ ಜೊತೆ ಒಂದು ತಟ್ಟೆ ಹುರಿದ ಸಿಗಡಿ ತಿನ್ನುತ್ತಿದ್ದರು. ಹುಳ ಬೀಳಬಾರದೆಂದು ಗ್ಲಾಸಿನ ಮೇಲೆ ಚಹಾ ಕಪ್ಪಿನ ಬಸಿ ಮುಚ್ಚಿಡುವರು. ಇದು ಅತ್ತೆಗೆ ಗೊತ್ತಿಲ್ಲ. ನನಗೆ ಮಾತ್ರ ಹೇಳಿದ್ದರು, ಅದೂ ಮದುವೆಯಾಗಿ ಎಷ್ಟೋ ದಿನದ ಮೇಲೆ, ನನ್ನ ತಲೆಯ ಮೇಲೆ ಆಣೆ ಹಾಕಿಸಿಕೊಂಡು.

ನಾನು ನೀರಿನ ಜಗ್ಗು ಎತ್ತಿಕೊಂಡು ಆ ಕಡೆ ನೋಡಿದೆ.

ಗಾಜಿನ ಬಾಗಿಲು ಮುಚ್ಚಿತ್ತು. ಹೊರಗೆ ಕತ್ತಲು ಇಳಿಯುತ್ತಿತ್ತು. ಕುರ್ಚಿ ನದಿಯ ಕಡೆ ತಿರುಗಿತ್ತು. ಮೇಜಿನ ಮೇಲೆ ಒಂದು ತಟ್ಟೆ, ಒಂದು ಗ್ಲಾಸು, ಗ್ಲಾಸಿನ ಮೇಲೆ ಬಸಿ. ಕುರ್ಚಿಯಲ್ಲಿ ಇವರು ಕೂತಿದ್ದರು.

ಬೆನ್ನು ಕಂಡಿತು. ನೀಲಿ ಚೌಕಡಿ ಅಂಗಿ. ಭುಜ ಸ್ವಲ್ಪ ಮುಂದಕ್ಕೆ ಬಾಗಿ, ತಟ್ಟೆಯ ಮೇಲೆ ತಲೆ ಬಗ್ಗಿಸಿ ಕೂತ ಹಾಗೆ. ತಲೆ ಕತ್ತಲಿನಲ್ಲಿ ಕಾಣಲಿಲ್ಲ. ನದಿಯಿಂದ ಬಂದ ಗಾಳಿಗೆ ತೋಳು ಒಮ್ಮೆ ಅಲುಗಿತು.

ನಾನು ಜಗ್ಗನ್ನು ಹತ್ತಿರದ ಮೇಜಿನ ಮೇಲಿಟ್ಟೆ. ಬೆಳಿಗ್ಗೆಯಿಂದ ನಡೆದದ್ದೆಲ್ಲ ಒಂದಕ್ಕೊಂದು ಹೊಂದಿಕೊಂಡಿತು. ಬರಬೇಡ ಎಂದ ಫೋನು. ಅಂದಾನೆಪ್ಪನವರ ಮುಖ. ಬುಕಿಂಗ್. ಇವರು ಬಂದಿದ್ದಾರೆ. ಬಂದು, ಮನೆಗೆ ಬರಲು ಮುಖವಿಲ್ಲದೆ, ಇಲ್ಲಿ ಗೆಳೆಯರ ಹತ್ತಿರ ಕೂತಿದ್ದಾರೆ. ವಿದ್ಯಾಗೆ ಹೇಳಬೇಡಿ ಎಂದಿದ್ದಾರೆ. ಗೋವಾದಲ್ಲೇ ಇದ್ದಿರಬೇಕು. ಬೇರೆ ಹೆಂಗಸು ಇದ್ದರೂ ಇರಲಿ. ಅದನ್ನೆಲ್ಲ ಆಮೇಲೆ ಕೇಳೋಣ, ಜಗಳ ಆಮೇಲೆ ಆಡೋಣ. ಮೊದಲು ಮನೆಗೆ ಫೋನ್ ಮಾಡಬೇಕು, ಅತ್ತೆ ಎಡೆ ಇಡುವ ಮೊದಲು ತಡೆಯಬೇಕು. ಇಲ್ಲ, ಮೊದಲು ಮುಖ ನೋಡಬೇಕು. ಎಷ್ಟೋ ಬೆನ್ನುಗಳನ್ನು ನೋಡಿದ್ದೆ. ಈ ಬೆನ್ನಿಗೊಂದು ಮುಖ ಇತ್ತು.

ಸೀರೆಯ ನೆರಿಗೆ ಸರಿಮಾಡಿಕೊಂಡೆ. ತುರುಬಿನಿಂದ ಬಿಚ್ಚಿಬಂದ ಕೂದಲನ್ನು ಕಿವಿಯ ಹಿಂದೆ ತಳ್ಳಿದೆ. ನಾನು ಹೀಗೆ ಬಡಕಲಾಗಿದ್ದನ್ನು ನೋಡಿ ಏನನ್ನುತ್ತಾರೋ ಎಂದು ನಾಚಿಕೆ ಸಹ ಆಯಿತು.

ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಹಿಂದಿನಿಂದ ಅಡುಗೆಯ ಡಾಕಪ್ಪಣ್ಣ ಓಡಿಬಂದ. ಮುಂಡಗೋಡ ಕಡೆಯ ಕಾಡಂಚಿನ ಹಾಡಿಯವನು, ಇವರಿಗೆ ಅಣ್ಣನಂತಿದ್ದವನು. ಕೈಯಲ್ಲಿ ಇನ್ನೂ ಜಾಲರಿ ಸೌಟು.

“ತಂಗೀ, ತಗೀಬ್ಯಾಡ! ಇನ್ನ ಹೊತ್ತಾಗಿಲ್ಲ, ತಗೀಬ್ಯಾಡ!”

“ಯಾಕ? ನನಗ ಮಾರಿ ತೋರಸೂದಿಲ್ಲ ಅಂದಾರೇನು?”

“ಯಾರು?”

“ಯಾರಂತ ಕೇಳ್ತೀಯಲ್ಲೋ ಯಣ್ಣಾ. ಅವರು! ಎಂದ ಬಂದ್ರು? ನಿಮಗೆಲ್ಲಾರಿಗೂ ಗೊತ್ತು, ನನಗ ಅಷ್ಟ ಗೊತ್ತಿಲ್ಲ. ಸರ್ಕೋ.”

ಡಾಕಪ್ಪಣ್ಣ ನನ್ನನ್ನು ನೋಡಿದ. ಗಾಜಿನ ಆಚೆ ನೋಡಿದ. ಸೌಟಿನಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ನಾನು ಬಾಗಿಲು ಸರಿಸಿದೆ.

ಕುರ್ಚಿಯ ಬೆನ್ನಿಗೆ ಒಂದು ಹೊಸ ಅಂಗಿ ಹಾಕಿದ್ದರು. ನೀಲಿ ಚೌಕಡಿ. ಕಾಲರಿನಲ್ಲಿ ಅಂಗಡಿಯವರು ಚುಚ್ಚಿದ ಗುಂಡುಪಿನ್ನು ಹಾಗೇ ಇತ್ತು. ತಟ್ಟೆಯಲ್ಲಿ ಸಿಗಡಿ ಬಿಸಿಯಾಗಿತ್ತು. ಪಕ್ಕದಲ್ಲಿ ಒಂದು ತುಂಡು ಇಸ್ವಣ ಮೀನು, ಎರಡಾಗಿ ಕತ್ತರಿಸಿದ ನಿಂಬೆಹಣ್ಣು.

ಹುಬ್ಬಳ್ಳಿಯ ಮೇಜಿನವರು ಯಾವುದಕ್ಕೋ ಜೋರಾಗಿ ನಕ್ಕರು. ನಾನು ಅಂಗಿಯ ತೋಳನ್ನು ಹಿಡಿದುಕೊಂಡೆ. ಒಳಗೆ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಗೊತ್ತಿದ್ದೂ ಇನ್ನೂ ಮೇಲೆ, ಭುಜದ ತನಕ ಕೈ ಆಡಿಸಿದೆ.

“ಯಾರನ್ನ ಕೇಳಿ ಇಟ್ರಿ?” ಎಂದೆ.

“ತಂಗಿ...”

“ಯಾರನ್ನ ಕೇಳಿ ಎಡಿ ಇಟ್ರಿ? ನಾ ಇನ್ನ ಬದಕೀನಲ್ಲ, ನನ್ನ ಕೇಳಬೇಕಿಲ್ಲೇನು?”

ಅಂದಾನೆಪ್ಪನವರೂ ಬಂದು ನಿಂತಿದ್ದರು. “ಊದಿನಕಡ್ಡಿ, ದೀಪ ಏನೂ ಹಚ್ಚಬ್ಯಾಡಂತ ನಾನ ಹೇಳಿದ್ದೆ,” ಎಂದರು ಮೆಲ್ಲಗೆ. “ಹೊಗಿ ಒಳಗ ಬಂದ್ರ ಅಲಾರಾಂ ಹೊಡಕೊಳ್ತೈತಿ, ಗಿರಾಕಿ ಗಾಬರಿಯಾಗ್ತಾರಂತ. ಹಚ್ಚಿದ್ರ ನಿಮಗ ನೋಡಿದಾಕ್ಷಣ ತಿಳೀತಿತ್ತು. ತಪ್ಪಾತ್ರಿ.”

ಡಾಕಪ್ಪಣ್ಣ ನೆಲ ನೋಡುತ್ತ ಮಾತಾಡಿದ. “ನಾ ನೋಡೇನಿ ತಂಗಿ. ಅವತ್ತು ಅಡಗಿಮನಿ ಕಿಡಕ್ಯಾಗ ನಿಂತಿದ್ದೆ. ಕಾಲು ಜಾರಿದ್ದು ನೋಡೇನಿ, ನೀರಾಗ ಹೋದದ್ದು ನೋಡೇನಿ. ಆವತ್ತ ನಿನಗ ಹೇಳೇನಿ, ಪೊಲೀಸರಿಗೂ ಹೇಳೇನಿ. ನೀ ರಾಮನಗರದ ಮಾತು ಕೇಳಿದಿ, ನನ್ನ ಮಾತು ಕೇಳಲಿಲ್ಲ.”

ಹೌದು, ಹೇಳಿದ್ದ. ಕತ್ತಲಿನಲ್ಲಿ ನಿನಗೇನು ಕಂಡಿತು ಎಂದು ನಾನು ಅವನನ್ನೇ ಬೈದಿದ್ದೆ.

“ಆದ್ರ ಅಂವ ಇಲ್ಲಿ ಬರ್ತಾನ,” ಎಂದ. “ಸಂಜಿಮುಂದ ಇದ ಹೊತ್ತಿಗೆ. ಈ ಕುರ್ಚಿ ನಾ ಗ್ವಾಡಿ ಕಡೆ ಹೊಳ್ಳಿಸಿ ಇಟ್ಟು ಹೋಗಿರ್ತೇನಿ. ಬಂದು ನೋಡಿದ್ರ ಹೊಳಿ ಕಡೆ ಹೊಳ್ಳಿರ್ತೈತಿ. ಯಾರರ ಗಿರಾಕಿ ಹೊಳ್ಳಿಸಿರಬೇಕು, ಇರಲಿ. ಆದ್ರ ನನ್ನ ಕೈ? ನಾಕು ಪ್ಲೇಟ ಸಿಗಡಿ ಆರ್ಡರ್ ಬಂದ್ರ ಐದು ಮಾಡಿರ್ತೇನಿ. ಎಚ್ಚರ ಇಟಗೊಂಡು ಮಾಡಿದ್ರೂ ಒಂದು ಹೆಚ್ಚಿಗಿ. ಅದನ್ನ ಯಾರೂ ತಿನ್ನೂದಿಲ್ಲ, ನಾಯಿಗೆ ಹಾಕಿದ್ರ ನಾಯೀನೂ ಮೂಸೂದಿಲ್ಲ. ಅಂವ ಹಸಗೊಂಡಾನ ತಂಗಿ. ನಿಮ್ಮ ಮನ್ಯಾಗ ಹೋಳಿಗಿ ಇಡ್ತೀರಿ, ಮೀನ ಇಡ್ತೀರೇನು? ಕುಡ್ಯಾಕ ಇಡ್ತೀರೇನು? ಅದಕ್ಕ ನಾವ ಇಟ್ವಿ. ನೀ ಮನ್ಯಾಗ ಇರ್ತಿ ಅನಕೊಂಡಿದ್ವಿ.”

ನಾನು ಹೊರಗೆ ಬಾಲ್ಕನಿಯ ಕಂಬಿ ಹಿಡಿದು ನಿಂತು ಮನೆಗೆ ಫೋನ್ ಮಾಡಿದೆ. ಇಡಬೇಡಿ ಎನ್ನಬೇಕೆಂದಿದ್ದೆ. ಕೆಳಗೆ ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಆಚೆ ದಂಡೆಯ ಮರಗಳು ಆಗಲೇ ಕತ್ತಲಲ್ಲಿ ಹೋಗಿದ್ದವು.

“ಅತ್ತಿ, ಇಟ್ರೇನು?”

“ಇಲ್ಲವ್ವಾ.” ಅವರ ದನಿ ಎಲ್ಲೋ ದೂರದಿಂದ ಬಂದ ಹಾಗಿತ್ತು. “ಎಲ್ಲಾ ಬಡಿಸಿದೆ. ಹೊಸಾ ಧೋತರಾ ಇಟ್ಟೆ. ಹೊರಗ ಬಂದು ಬಾಗಲಾ ಮುಂದ ಮಾಡಬೇಕಂತ ಚಿಲಕಕ್ಕ ಕೈ ಹಚ್ಚಿದೆ. ಆಗವಲ್ದು. ಮಾಡಿದ್ರ ಮುಗದ ಹೋತು ಅನಸ್ತು. ನಿನ್ನ ಜೋಡಿ ಮುಂಜಾನಿಂದ ಜಗಳಾಡಿದಾಕಿ ನಾನ, ಈಗ ನನ್ನ ಕೈ ಬರವಲ್ದು. ಹೊಸ್ತಲದಾಗ ಕುಂತೇನಿ. ಈ ಕೂಸು ಹೋಳಿಗಿ ಬೇಡಾಕತ್ತೈತಿ. ಹಿರ್ಯಾರು ಉಣ್ಣದ ಹೆಂಗ ಕೊಡಲಿ ಹೇಳು.”

ಮಗಳ ಅಳು ಫೋನಿನಲ್ಲಿ ಸಣ್ಣಗೆ ಕೇಳುತ್ತಿತ್ತು. ಬಹಳ ಹೊತ್ತು ಅತ್ತು ಸೋತ ಅಳು. ಆ ಮನೆಯಲ್ಲಿ ಎಲ್ಲರೂ ಒಂದು ವರ್ಷದಿಂದ ಹೊಸ್ತಿಲಲ್ಲೇ ಕೂತಿದ್ದೆವು.

“ಅತ್ತಿ, ಇಲ್ಲಿ ಹೋಟೆಲ್‌ನ್ಯಾಗ ಡಾಕಪ್ಪಣ್ಣ ಎಡಿ ಇಟ್ಟಾನ.”

“ಏನೇನ ಇಟ್ಟಾನ?”

ಹೇಗೆ ಹೇಳಬೇಕೋ ತಿಳಿಯಲಿಲ್ಲ. ಆಣೆ ನೆನಪಾಯಿತು. “ಸಿಗಡಿ. ಮೀನ. ಒಂದು ಗ್ಲಾಸ್... ಅವರು ಇಲ್ಲಿ ತಿಂತಿದ್ರು ಅತ್ತಿ. ನಿಮಗ ಹೇಳಬ್ಯಾಡಂದಿದ್ರು.”

ಅತ್ತೆ ನಕ್ಕರೋ ಬಿಕ್ಕಿದರೋ ಗೊತ್ತಾಗಲಿಲ್ಲ. “ಅವನ ಅಂಗಿ ಒಗದಾಕಿ ನಾನ ಅಲ್ಲೇನು? ಬಾಯಾಗ ಲವಂಗ ಹಾಕ್ಕೊಂಡು ಬರ್ತಿದ್ದ, ದೊಡ್ಡ ಶ್ಯಾಣ್ಯಾ. ಅಂಗಿಗೇನು ಲವಂಗ ತಿನಸ್ತಿದ್ನೇನು?” ಎಂದರು. “ಹಂಗಾರ ಇಲ್ಲಿ ಯಾಕ ಬಂದಾನು ಅಂವ, ಅಲ್ಲೇ ಬರ್ತಾನ. ನಿನ್ನ ಕೈಲೆ ಬಾಗಲಾ ಮುಂದ ಮಾಡವ್ವಾ, ವಿದ್ಯಾ. ನನ್ನ ಕೈಲೆ ಆಗೂದಿಲ್ಲ.”

“ಸ್ವಪ್ನಾಗ ಹೋಳಿಗಿ ಕೊಡ್ರಿ ಅತ್ತಿ.”

“ನೀ ಮುಂದ ಮಾಡು. ಆಮ್ಯಾಲ ಕೊಡ್ತೇನಿ.”

ಫೋನ್ ಇಟ್ಟ ಮೇಲೆ ನಾನು ಕುರ್ಚಿಯ ಹತ್ತಿರ ಬಂದೆ. ಕಾಲರಿನ ಗುಂಡುಪಿನ್ನು ಬಿಚ್ಚಿದೆ, ಕುತ್ತಿಗೆಗೆ ಚುಚ್ಚಬಾರದು. ನಿಂಬೆಹೋಳನ್ನು ಸಿಗಡಿಯ ಮೇಲೆ ಹಿಂಡಿದೆ. ಇಷ್ಟು ದಿನ ಊರ ಮಂದಿಗೆಲ್ಲ ಮೀನು ಬಡಿಸಿದ ಕೈ, ಇವರಿಗೆ ಒಮ್ಮೆಯೂ ಬಡಿಸಿರಲಿಲ್ಲ. ಗ್ಲಾಸಿನ ಮೇಲಿನ ಬಸಿಯನ್ನು ತೆಗೆದು ಪಕ್ಕಕ್ಕಿಟ್ಟೆ, ಕುಡಿಯಲು ಅನುಕೂಲವಾಗಲಿ ಎಂದು. ಹೇಳುವುದು ಬಹಳ ಇತ್ತು. ರಾಮನಗರದ ಬಿಸಿಲು, ಕ್ಯಾಸಲ್‌ರಾಕ್‌ನ ಬೆಂಚು, ಸ್ವಪ್ನಾಳ ಮುಂದಿನ ಹಲ್ಲು ಬಿದ್ದದ್ದು. “ಬರ್ರಿ,” ಎಂದಷ್ಟೇ ಅಂದೆ.

ಒಳಗೆ ಬಂದು ಗಾಜಿನ ಬಾಗಿಲನ್ನು ಎಳೆದೆ. ಅದು ಮಳೆಗೆ ಬಿಗಿದುಕೊಂಡಿತ್ತು, ಎರಡೂ ಕೈ ಹಾಕಬೇಕಾಯಿತು. ಡಾಕಪ್ಪಣ್ಣ ಕೈ ಮುಂದೆ ತಂದವನು ಹಿಂದಕ್ಕೆ ತೆಗೆದುಕೊಂಡ. ಬಾಗಿಲು ಕೂಡಿಕೊಂಡಾಗ ನದಿಯ ಗಾಳಿ ನಿಂತಿತು. ನಾನು ಬಾಗಿಲಿಗೆ ಬೆನ್ನು ಮಾಡಿ ನಿಂತೆ. ಡಾಕಪ್ಪಣ್ಣನೂ ತಿರುಗಿದ, ಅಂದಾನೆಪ್ಪನವರೂ ತಿರುಗಿದರು. ಕೋಟು ತೊಟ್ಟ ಮ್ಯಾನೇಜರು, ಸೌಟು ಹಿಡಿದ ಅಡುಗೆಯವನು, ನಾನು, ಮೂವರೂ ಗಿರಾಕಿಗಳ ಕಡೆ ಮುಖ ಮಾಡಿ ಸಾಲಾಗಿ ನಿಂತಿದ್ದೆವು. ಹುಬ್ಬಳ್ಳಿಯವನೊಬ್ಬ ನಮ್ಮನ್ನು ನೋಡಿ, “ಏ, ಬಿಲ್ ಕೊಡದ ಓಡಿ ಹೋಗ್ತೇವಂತ ಕಾವಲು ನಿಂತಾರಲೇ,” ಎಂದ.

ಅಷ್ಟರಲ್ಲಿ ಬೆಳಗಾವಿ ಕಡೆಯ ಗಂಡ ಹೆಂಡತಿ ಇಬ್ಬರು ಬಂದರು. ಹೊಸದಾಗಿ ಮದುವೆಯಾದವರು, ಹುಡುಗಿಯ ಕೈಯ ಹಸಿರು ಬಳೆ ಇನ್ನೂ ತುಂಬಿಕೊಂಡಿದ್ದವು. ಅವಳು ನನ್ನ ಹೆಗಲ ಮೇಲಿಂದ ಬಾಲ್ಕನಿಯ ಕಡೆ ನೋಡಿದಳು.

“ಅಕ್ಕಾರ, ಹೊಳಿ ಕಾಣೂ ಆ ಮೇಜು ಖಾಲಿ ಐತೇನ್ರಿ?”

ನಾನು ಬಾಯಿ ತೆರೆಯುವ ಮೊದಲೇ ಅವಳೇ ಕತ್ತು ಹಿಂದಕ್ಕೆ ಎಳೆದುಕೊಂಡಳು.

“ಅಯ್ಯ, ಸಾರಿ ರೀ. ಯಾರೋ ಕುಂತಾರ. ಇನ್ನ ಊಟಾ ಮಾಡಾಕತ್ತಾರ.”

ಡಾಕಪ್ಪಣ್ಣನ ಉಸಿರು ನಿಂತದ್ದು ನನಗೆ ಕೇಳಿಸಿತು. ಅಂಗಿಯ ಬೆನ್ನು ನೋಡಿ ಅಂದಿರಬೇಕು. ನಾನೂ ಹಾಗೇ ಅಂದುಕೊಂಡಿದ್ದೆನಲ್ಲ. ಒಮ್ಮೆ ತಿರುಗಿದರೆ ಸಾಕಿತ್ತು.

ತಿರುಗಲಿಲ್ಲ.

“ಅವಸರ ಮಾಡೂದು ಬ್ಯಾಡವಾ,” ಎಂದೆ. “ಉಣ್ಲಿ ಅವರು.”

ಅವರಿಬ್ಬರನ್ನು ಕಿಟಕಿಯ ಪಕ್ಕದ ಮೇಜಿಗೆ ಕರೆದುಕೊಂಡು ಹೋದೆ.